ಕಳೆ ಕಿತ್ತಷ್ಟೂ ಬರ್ತಿದೆಯಾ? ಔಷಧಿ ಹೊಡೆಯದೆ ಮನೆ ತೋಟದ ಕಳೆ ತಗ್ಗಿಸುವ ಕ್ರಮ

"ಹೋದ ಭಾನುವಾರ ತಾನೇ ಎಲ್ಲಾ ಕಿತ್ತು ಗುಡ್ಡೆ ಹಾಕಿದ್ದೆ. ಇವತ್ತು ನೋಡಿದ್ರೆ ಮತ್ತೆ ಹಾಗೇ ಇದೆ." ಏಪ್ರಿಲ್ ಕೊನೆಗೆ ಶುರುವಾಗುವ ಭರಣಿ ಮಳೆ ಬಿದ್ದು ಎರಡು ವಾರ ಆಗುವಷ್ಟರಲ್ಲಿ ಮೈಸೂರಿನ ಸ್ನೇಹಿತರಿಂದ, ಮಂಡ್ಯ ಕಡೆಯ ನೆಂಟರಿಂದ ನನಗೆ ಬರುವ ಫೋನಿನಲ್ಲಿ ಇದೇ ಮಾತು. ಹೋಗಿ ನೋಡಿದರೆ ಅವರು ಕಷ್ಟಪಟ್ಟಿರುವುದು ಕಾಣುತ್ತದೆ. ಕೈಯಲ್ಲಿ ಬೊಬ್ಬೆ ಎದ್ದಿರುತ್ತದೆ, ಸೊಂಟ ಹಿಡಿದಿರುತ್ತದೆ. ತಪ್ಪಿರುವುದು ಕೆಲಸದ ಕ್ರಮ. ಮೊದಲು ನೆಲ ಅಗೆದಿರುತ್ತಾರೆ, ಆಮೇಲೆ ಕೈಗೆ ಸಿಕ್ಕಿದ್ದೆಲ್ಲ ಕಿತ್ತಿರುತ್ತಾರೆ, ಕೊನೆಗೆ "ಇದು ಯಾವ ಕಳೆ?" ಅಂತ ಕೇಳುತ್ತಾರೆ. ಆ ಪ್ರಶ್ನೆ ಮೊದಲು ಬರಬೇಕಿತ್ತು.

ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಹಿಂದುಮುಂದಾದರೆ ಶ್ರಮ ದುಪ್ಪಟ್ಟಾಗುತ್ತದೆ. ಬೀಜದಿಂದ ಬರುವ ಕಳೆ ಒಂದು ಮಳೆಗಾಲದಲ್ಲೇ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ. ಗೆಡ್ಡೆಯಿಂದ ಬರುವ ಕೊನ್ನಾರಿ, ಬಳ್ಳಿಯಾಗಿ ಹರಿಯುವ ಗರಿಕೆ ಇದ್ದರೆ ಒಂದೆರಡು ವರ್ಷ ಬಿಡದೆ ಹಿಂದೆ ಬೀಳಬೇಕು. ಇದನ್ನು ಮೊದಲೇ ತಿಳಿದುಕೊಂಡು ಶುರು ಮಾಡಿದರೆ ಮಧ್ಯದಲ್ಲಿ ಕೈ ಚೆಲ್ಲುವ ಹಾಗಾಗುವುದಿಲ್ಲ.

ಕೈಯಲ್ಲಿ ಇರಬೇಕಾದ ಸಾಮಾನು

ಸಣ್ಣ ಕುರ್ಪಿ ಒಂದು, ಹರಿತವಾದ ಕುಡ್ಲು ಒಂದು, ಗಟ್ಟಿ ನೆಲಕ್ಕೆ ಗುದ್ದಲಿ. ಗರಿಕೆ ಇದ್ದರೆ ಮುಳ್ಳಿನ ಗುದ್ದಲಿ, ಅಂದರೆ ಮೂರು ನಾಲ್ಕು ಹಲ್ಲಿರುವಂಥದ್ದು, ಬೇಕೇ ಬೇಕು. ಕಿತ್ತದ್ದನ್ನು ತುಂಬಲು ಎರಡು ಬಾಂಡ್ಲಿ ಅಥವಾ ಮಂಕರಿ ಇಟ್ಟುಕೊಳ್ಳಿ. ಒಂದಕ್ಕೆ ಗೊಬ್ಬರಕ್ಕೆ ಹೋಗುವ ಕಳೆ, ಇನ್ನೊಂದಕ್ಕೆ ಹೋಗಬಾರದ ಕಳೆ. ಇದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಎಷ್ಟೋ ತೋಟ ಕೆಡುವುದು ಇಲ್ಲೇ.

ಕೈಗವಸು, ತುಂಬು ತೋಳಿನ ಅಂಗಿ ಇರಲಿ. ಇವುಗಳ ಜೊತೆಗೆ ಹಳೆ ಪೇಪರ್, ರಟ್ಟಿನ ಪೆಟ್ಟಿಗೆ, ಗೋಣಿಚೀಲ ಕೂಡಿಡಲು ಇವತ್ತೇ ಶುರು ಮಾಡಿ. ಬೇಕಾದ ದಿನ ಹುಡುಕಿದರೆ ಸಿಗುವುದಿಲ್ಲ. ದಿನಸಿ ಅಂಗಡಿಯವರನ್ನು ಕೇಳಿದರೆ ಖಾಲಿ ಪೆಟ್ಟಿಗೆ ಸುಮ್ನೆ ಕೊಡುತ್ತಾರೆ.

ಹಂತ 1: ಕೀಳುವ ಮುಂಚೆ ಗುರುತು ಹಿಡಿಯಿರಿ

ಒಂದು ದಿನ ಏನನ್ನೂ ಕೀಳಬೇಡಿ. ತೋಟದಲ್ಲಿ ಸುತ್ತಾಡಿ ನಿಮ್ಮಲ್ಲಿರುವ ಕಳೆಯನ್ನು ಮೂರು ಗುಂಪು ಮಾಡಿಕೊಳ್ಳಿ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಬೇರು ನೋಡಿದರೆ ಸಾಕು.

ಮೊದಲ ಗುಂಪು ಬೀಜದಿಂದ ಬಂದು, ಬೀಜ ಉದುರಿಸಿ ಸಾಯುವಂಥವು. ಪಾರ್ಥೇನಿಯಂ, ಮುಳ್ಳು ಕೀರೆ, ಅಣ್ಣೆ ಸೊಪ್ಪು, ನೆಲನೆಲ್ಲಿ, ತುಂಬೆ ಈ ಗುಂಪಿನವು. ಎಳೆದರೆ ಬೇರು ಸಮೇತ ಬರುತ್ತವೆ, ಮತ್ತೆ ಚಿಗುರುವುದಿಲ್ಲ. ಇವುಗಳ ಬಲವೆಲ್ಲ ಬೀಜದಲ್ಲಿದೆ.

ಎರಡನೆಯದು ನೆಲದ ಮೇಲೂ ಒಳಗೂ ಹರಿದು ಗಿಣ್ಣುಗಿಣ್ಣಿಗೂ ಬೇರು ಬಿಡುವಂಥವು. ಗರಿಕೆ ಇದರಲ್ಲಿ ದೊಡ್ಡದು. ಹೊನಗೊನ್ನೆ, ಹುಳಿಯಾದ ಮೂರೆಲೆಯ ಪುಲ್ಲಂಪುರಚಿ ಕೂಡ ಹೀಗೇ ಹರಡುತ್ತವೆ. ತುಂಡು ಮಾಡಿದರೆ ಒಂದು ಹತ್ತಾಗುತ್ತದೆ.

ಮೂರನೆಯದು ಗೆಡ್ಡೆಯ ಕಳೆ. ನಮ್ಮ ಕಡೆ ಕೊನ್ನಾರಿ ಅಂದರೂ ಒಂದೇ, ಜೇಕು, ತುಂಗೆ ಅಂದರೂ ಒಂದೇ. ಹುಲ್ಲಿನ ಹಾಗೇ ಕಾಣುತ್ತದೆ, ಹುಲ್ಲಲ್ಲ. ಅದರ ಹೂದಂಟನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಇಟ್ಟು ಹೊರಳಿಸಿ. ದುಂಡಗಿದ್ದರೆ ಹುಲ್ಲು. ಮೂರು ಏಣು ಬೆರಳಿಗೆ ತಾಗಿದರೆ ಕೊನ್ನಾರಿ.

ಈ ಹಂತದಲ್ಲಿ ಎಲ್ಲರೂ ಮಾಡುವ ತಪ್ಪು, ಸೊಪ್ಪನ್ನೂ ಕಳೆ ಅಂತ ಎಸೆಯುವುದು. ಅಣ್ಣೆ, ಹೊನಗೊನ್ನೆ, ಕೀರೆ, ಗೋಣಿ ಸೊಪ್ಪು ಎಲ್ಲವೂ ನಮ್ಮ ಬೆರಕೆ ಸೊಪ್ಪಿನ ಸಾರಿಗೆ ಹೋಗುವಂಥವೇ. ಎಳೆಯದರಲ್ಲಿ ಕೊಯ್ದು ತಿಂದರೆ ಕಳೆಯೂ ಹೋಯಿತು, ಸಾರೂ ಆಯಿತು. ಆದರೆ ಗುರುತು ಖಚಿತ ಇಲ್ಲದ್ದನ್ನು ಬಾಯಿಗೆ ಹಾಕಬೇಡಿ. ಗೋಣಿ ಸೊಪ್ಪಿನ ಹಾಗೇ ನೆಲಕ್ಕೆ ಅಂಟಿ ಬೆಳೆಯುವ ಹಾಲುಗಳ್ಳಿ ಜಾತಿಯ ಸಣ್ಣ ಗಿಡವೊಂದಿದೆ. ದಂಟು ಮುರಿದು ನೋಡಿ. ಬಿಳಿ ಹಾಲು ಬಂದರೆ ಅದು ಗೋಣಿ ಸೊಪ್ಪಲ್ಲ. ಚರಂಡಿ ಪಕ್ಕದ, ಔಷಧಿ ಹೊಡೆದ ಜಾಗದ ಸೊಪ್ಪೂ ಬೇಡ.

ಹಂತ 2: ಮೊದಲ ದಿನ ಬರೀ ಹೂವಿನ ಕೆಲಸ

ತೋಟ ಪೂರ್ತಿ ಕಳೆ ತುಂಬಿದ್ದಾಗ ಒಂದು ಮೂಲೆಯಿಂದ ಕೀಳುತ್ತಾ ಹೋಗಬೇಕು ಅನ್ನಿಸುತ್ತದೆ. ಹಾಗೆ ಮಾಡಬೇಡಿ. ನೀವು ಈ ಮೂಲೆ ಮುಗಿಸುವಷ್ಟರಲ್ಲಿ ಆ ಮೂಲೆಯದು ಬೀಜ ಉದುರಿಸಿರುತ್ತದೆ.

ಕುಡ್ಲು ತೆಗೆದುಕೊಂಡು ಇಡೀ ತೋಟ ಒಂದು ಸುತ್ತು ಹಾಕಿ. ಹೂ ಬಿಟ್ಟಿರುವ, ಹೂ ಬಿಡಲು ತಯಾರಾದ ಕಳೆಯನ್ನು ಮಾತ್ರ ಕೊಯ್ದು ಬಾಂಡ್ಲಿಗೆ ಹಾಕಿ. ಬೇರಿನ ಗೋಜಿಗೆ ಹೋಗಬೇಡಿ. ಪಾರ್ಥೇನಿಯಂ ಮೊಳೆತ ಸುಮಾರು ಒಂದು ತಿಂಗಳಿಗೇ ಹೂ ಬಿಡಲು ಶುರು ಮಾಡುತ್ತದೆ. ಚೆನ್ನಾಗಿ ಬೆಳೆದ ಒಂದೇ ಗಿಡ ಹತ್ತು ಸಾವಿರಕ್ಕೂ ಮೀರಿ ಬೀಜ ಕೊಡುತ್ತದೆ. ಕೀರೆ, ಗೋಣಿ ಸೊಪ್ಪಿನ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡು ಕೂರುತ್ತದೆ. ಇವತ್ತು ಒಂದು ಗಂಟೆ ಉಳಿಸಲು ಹೋಗಿ ಇಷ್ಟು ಬೀಜ ಬೀಳಲು ಬಿಟ್ಟರೆ ಅದರ ಫಲ ಮುಂದಿನ ಎಷ್ಟೋ ಮಳೆಗಾಲ ಉಣ್ಣಬೇಕು.

ನಮ್ಮ ಬೀದಿಯಲ್ಲಿ ಹಿತ್ತಲ ಕೆಲಸಕ್ಕೆ ಪಾಂಡವಪುರ ಕಡೆಯಿಂದ ಒಬ್ಬ ಅಜ್ಜಿ ಬರುತ್ತಿದ್ದರು. ಬಂದ ತಕ್ಷಣ ಅವರು ಮಾಡುತ್ತಿದ್ದುದು ಇದನ್ನೇ. ನಾನು ಕೇಳಿದಾಗ, "ಹೂ ಬುಟ್ಟದ್ದ ಮೊದ್ಲು ತಗೀಬೇಕು ಕಣವ್ವ, ಮಿಕ್ಕುದ್ದು ಎಲ್ಲಿಗೋದದು?" ಅಂದರು. ಅವತ್ತಿನಿಂದ ನಾನೂ ಹಾಗೇ ಮಾಡುತ್ತಿದ್ದೇನೆ.

ಪಾರ್ಥೇನಿಯಂ ಬಗ್ಗೆ ಎಚ್ಚರ. ಇದರಿಂದ ಮೈ ಕಡಿತ, ಉಸಿರಾಟದ ತೊಂದರೆ ಬರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕೆಲಸ ಆದಮೇಲೆ ಬಟ್ಟೆ ಬೇರೆ ಒಗೆಯಿರಿ. ಮೊದಲೇ ಅಲರ್ಜಿ, ಅಸ್ತಮಾ ಇರುವವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ಮಳೆಗಾಲದಲ್ಲಿ ಅದರ ಎಲೆ ಜರಡಿಯಾಗಿದ್ದರೆ, ಬಿಳಿ ಮೈಮೇಲೆ ಕಂದು ಗೆರೆಯಿರುವ ಸಣ್ಣ ದುಂಬಿ ಕಂಡರೆ, ಅದನ್ನು ಕೊಲ್ಲಬೇಡಿ. ಅದು ಮೆಕ್ಸಿಕನ್ ದುಂಬಿ. ಪಾರ್ಥೇನಿಯಂ ತಿನ್ನಲಿ ಅಂತಲೇ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು.

ಹಂತ 3: ಹಸಿ ನೆಲದಲ್ಲಿ ಕೀಳಿ, ಒಣ ನೆಲದಲ್ಲಿ ಕೆರೆಯಿರಿ

ಕಳೆ ಕೀಳುವುದು ಬೇರೆ, ಕೆರೆಯುವುದು ಬೇರೆ. ಎರಡಕ್ಕೂ ಒಂದೇ ದಿನ ಆಗಿಬರುವುದಿಲ್ಲ.

ದೊಡ್ಡದಾಗಿ ಬೇರು ಬಿಟ್ಟಿರುವುದನ್ನು ಮಳೆ ಬಂದ ಮಾರನೇ ದಿನ ಕೀಳಿ. ನಮ್ಮ ಕೆಂಪು ಮಣ್ಣು ಒಣಗಿದಾಗ ಕಲ್ಲಿನ ಹಾಗೆ ಬಿಗಿಯುತ್ತದೆ. ಆಗ ಎಳೆದರೆ ದಂಟು ಮಾತ್ರ ಕೈಗೆ ಬರುತ್ತದೆ. ಮಳೆ ಇಲ್ಲದಿದ್ದರೆ ಹಿಂದಿನ ಸಂಜೆ ನೀರು ಹಾಯಿಸಿ. ಗಿಡವನ್ನು ಬುಡದಲ್ಲಿ, ಮಣ್ಣಿಗೆ ತಾಗುವ ಹಾಗೆ ಹಿಡಿದು, ಸ್ವಲ್ಪ ಅಲುಗಾಡಿಸಿ ನಿಧಾನ ಎಳೆಯಿರಿ. ಆದರೆ ಕಾಲು ಹೂತುಹೋಗುವಷ್ಟು ಕೆಸರಿದ್ದಾಗ ಮಡಿಯೊಳಗೆ ಇಳಿಯಬೇಡಿ. ಮಣ್ಣು ತುಳಿದು ಹಿಟ್ಟಾದರೆ ಒಣಗಿದಮೇಲೆ ಗಟ್ಟಿ ಹೆಪ್ಪಾಗುತ್ತದೆ.

ಎಳೆಯ ಮೊಳಕೆಗೆ ಮಾತ್ರ ಒಣ ನೆಲ, ಬಿಸಿಲಿನ ಬೆಳಗ್ಗೆ ಬೇಕು. ಕುರ್ಪಿಯನ್ನು ಮಲಗಿಸಿ ಹಿಡಿದು ಅರ್ಧ ಇಂಚಿಗಿಂತ ಆಳಕ್ಕೆ ಹೋಗದ ಹಾಗೆ ಮೇಲುಮೇಲೆ ಕೆರೆಯಿರಿ. ಮಧ್ಯಾಹ್ನದೊಳಗೆ ಬಾಡಿಹೋಗುತ್ತವೆ, ಹೆಕ್ಕುವ ಕೆಲಸವೂ ಇಲ್ಲ. ಇದನ್ನೇ ಮೋಡ ಕವಿದ ಸಂಜೆ ಮಾಡಿದರೆ ಕೆರೆದದ್ದೆಲ್ಲ ರಾತ್ರಿಯ ತೇವಕ್ಕೆ ಮತ್ತೆ ಬೇರು ಹಿಡಿಯುತ್ತದೆ.

ಕೆರೆಯುವುದಕ್ಕೆ ಸರಿಯಾದ ಸಮಯ ಗೊತ್ತು ಮಾಡಿಕೊಳ್ಳಲು ಮಂಡಿಯೂರಿ ಕೂತು, ಖಾಲಿ ಕಾಣುವ ಮಣ್ಣನ್ನು ಉಗುರಿನಿಂದ ತೆಳ್ಳಗೆ ಗೀರಿ. ಮೇಲೆ ಒಂದು ಎಲೆಯೂ ಕಾಣದ ಜಾಗದಲ್ಲಿ ಹೊಲಿಗೆ ದಾರದಷ್ಟು ಸಣ್ಣ ಬಿಳಿ ಎಳೆಗಳು ಸಿಗುತ್ತವೆ. ತುದಿಯಲ್ಲಿ ಇನ್ನೂ ಬಿಚ್ಚಿಕೊಳ್ಳದ ಎರಡು ಎಲೆ, ಕೆಲವಕ್ಕೆ ಬೀಜದ ಸಿಪ್ಪೆ ಟೋಪಿ ಹಾಕಿದ ಹಾಗೆ ಅಂಟಿಕೊಂಡಿರುತ್ತದೆ. ನಾನು ಇದನ್ನು ದಾರದ ಹಂತ ಅಂತ ಕರೆಯುತ್ತೇನೆ. ಆಗ ಬೆರಳಾಡಿಸಿದರೂ ಸಾಯುತ್ತವೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅಂತ ಗಾದೆಯೇ ಇದೆಯಲ್ವಾ. ಮಳೆ ಬಿದ್ದ ಐದಾರು ದಿನಕ್ಕೆ ಹೀಗೆ ಒಮ್ಮೆ ಪರೀಕ್ಷೆ ಮಾಡಿ.

ಈ ಹಂತದ ದೊಡ್ಡ ತಪ್ಪು ಆಳವಾಗಿ ಅಗೆಯುವುದು. ಸಣ್ಣ ಬೀಜದ ಕಳೆಗಳು ಹೆಚ್ಚಾಗಿ ಮೇಲಿನ ಒಂದು ಇಂಚಿನಿಂದಲೇ ಮೊಳೆಯುತ್ತವೆ. ಕೆಳಗಿರುವ ಬೀಜ ಬೆಳಕಿಲ್ಲದೆ ಮಲಗಿರುತ್ತದೆ. ಗುದ್ದಲಿ ಹಾಕಿ ಮಣ್ಣು ಮಗುಚಿದರೆ ಮಲಗಿದ್ದದ್ದನ್ನು ನಾವೇ ಎಬ್ಬಿಸಿ ಬಿಸಿಲಿಗೆ ತಂದ ಹಾಗೆ. ಅಗೆದ ಎರಡು ವಾರಕ್ಕೆ ಹಿಂದೆಂದೂ ಇಲ್ಲದಷ್ಟು ಕಳೆ ಒಂದೇ ಸಮನೆ ಹುಟ್ಟಿದರೆ ಕಾರಣ ಇದೇ.

ಹಂತ 4: ಕೊನ್ನಾರಿ ಇದ್ದರೆ ಅದಕ್ಕೆ ಬೇರೆ ಲೆಕ್ಕ

ಇದೊಂದರ ಬಗ್ಗೆ ಉದ್ದಕ್ಕೆ ಹೇಳುತ್ತೇನೆ. ನನ್ನನ್ನು ಕೇಳಿದವರಲ್ಲಿ ಹೆಚ್ಚಿನವರು ಸೋತಿರುವುದು ಇಲ್ಲೇ, ನಾನೂ ಮೂರು ವರ್ಷ ಸೋತಿದ್ದೇನೆ.

ಒದ್ದೆ ಮಣ್ಣಿನಲ್ಲಿ ಒಂದು ಕೊನ್ನಾರಿ ಬುಡದ ಸುತ್ತ ಗೇಣುದ್ದ ಆಳಕ್ಕೆ ಕುರ್ಪಿ ಇಳಿಸಿ, ಹೆಂಟೆಯನ್ನು ಹಾಗೇ ಎತ್ತಿ ಅಂಗೈ ಮೇಲೆ ಇಟ್ಟುಕೊಳ್ಳಿ. ಮಣ್ಣನ್ನು ಹಗುರವಾಗಿ ಉದುರಿಸಿ. ಎಲೆಯ ಬುಡದಲ್ಲಿ ಒಂದು ಉಬ್ಬು. ಅದರಿಂದ ಕಂದು ನಾರಿನಂಥ ಎಳೆ ಹೊರಟು ಎರಡು ಬೆರಳು ದೂರದಲ್ಲಿ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಗೆಡ್ಡೆ. ಅಲ್ಲಿಂದ ಇನ್ನೊಂದು ಎಳೆ, ಇನ್ನೊಂದು ಗೆಡ್ಡೆ. ಜಪಮಾಲೆಯ ಹಾಗೆ ಸರ. ಒಂದನ್ನು ಉಗುರಿನಿಂದ ಮುರಿದರೆ ಒಳಗೆ ಬೆಳ್ಳಗಿರುತ್ತದೆ, ಘಮ್ ಅನ್ನುವ ವಾಸನೆ ಬರುತ್ತದೆ.

ಈಗ ಯೋಚಿಸಿ. ನೀವು ಮೇಲಿನ ಎಲೆ ಹಿಡಿದು ಎಳೆದಾಗ ಏನಾಗುತ್ತದೆ? ಎಳೆ ಕಡಿಯುತ್ತದೆ, ಗೆಡ್ಡೆಗಳು ಒಳಗೇ ಉಳಿಯುತ್ತವೆ. ಸರ ಕೂಡಿಕೊಂಡಿದ್ದಾಗ ಸುಮ್ಮನೆ ಮಲಗಿದ್ದ ಗೆಡ್ಡೆಗಳು ಬಿಡಿಬಿಡಿಯಾದ ಮೇಲೆ ಒಂದೊಂದೂ ಸ್ವಂತವಾಗಿ ಚಿಗುರುತ್ತವೆ. ಒಂದು ಕಿತ್ತ ಜಾಗದಲ್ಲಿ ನಾಲ್ಕು ಬರುವುದು ಇದಕ್ಕೇ.

ಕ್ರಮ ಹೀಗಿದೆ:

1. ಬೇಸಿಗೆಯಲ್ಲಿ, ಮಾರ್ಚ್‌ನಿಂದ ಏಪ್ರಿಲ್ ಮಧ್ಯದೊಳಗೆ, ಆ ಮಡಿಯನ್ನು ಖಾಲಿ ಮಾಡಿ. ಮುಳ್ಳಿನ ಗುದ್ದಲಿಯಿಂದ ಒಂದು ಅಡಿ ಆಳ ಸಡಿಲ ಮಾಡಿ. ಗೆಡ್ಡೆಗಳಲ್ಲಿ ಹೆಚ್ಚಿನವು ಮೇಲಿನ ಅರ್ಧ ಅಡಿಯಲ್ಲೇ ಇರುತ್ತವೆ. ಆಳವಾಗಿ ಅಗೆಯಬೇಡಿ ಅಂದ ನನ್ನ ಮಾತಿಗೆ ಇಲ್ಲಿ ಮಾತ್ರ ವಿನಾಯಿತಿ.

2. ಕೈಗೆ ಸಿಕ್ಕ ಗೆಡ್ಡೆ ಹೆಕ್ಕಿ. ಉಳಿದ ಹೆಂಟೆಗಳನ್ನು ಮಗುಚಿ ಎರಡು ಮೂರು ವಾರ ಬಿರುಬಿಸಿಲಿಗೆ ಬಿಡಿ, ನಾಲ್ಕೈದು ದಿನಕ್ಕೊಮ್ಮೆ ಹೊರಳಿಸಿ. ಕೊನ್ನಾರಿ ಗೆಡ್ಡೆಗೆ ಒಣಗುವುದು ಆಗಿಬರುವುದಿಲ್ಲ. ಈ ದಿನಗಳಲ್ಲಿ ಒಂದು ಹನಿ ನೀರೂ ಬೀಳಬಾರದು. ಮಧ್ಯೆ ಮಳೆ ಬಂದರೆ ಮತ್ತೆ ಮೊದಲಿಂದ ಒಣಗಿಸಿ.

3. ಮಳೆ ಶುರುವಾದ ಮೇಲೆ ಉಳಿದವು ಮೊಳೆಯುತ್ತವೆ, ಹೆದರಬೇಡಿ. ಮೊಳಕೆ ಬಂದ ಸುಮಾರು ಮೂರು ವಾರಕ್ಕೆ ಅದು ಹೊಸ ಗೆಡ್ಡೆ ಕಟ್ಟಲು ಶುರು ಮಾಡುತ್ತದೆ. ಅದರೊಳಗೆ, ಅಂದರೆ ಹತ್ತರಿಂದ ಹದಿನಾಲ್ಕು ದಿನಕ್ಕೊಮ್ಮೆ, ಕುರ್ಪಿ ಒಳಗೆ ತೂರಿಸಿ ಗೆಡ್ಡೆ ಸಮೇತ ಎತ್ತಿ. ಗೆಡ್ಡೆ ಸಿಗದಿದ್ದರೆ ಎಲೆಯನ್ನಾದರೂ ಮಣ್ಣಿನೊಳಗೆ ಕೊಯ್ಯಿರಿ. ಪ್ರತಿ ಸಲ ಚಿಗುರಲು ಗೆಡ್ಡೆ ತನ್ನಲ್ಲಿದ್ದ ಕಸುವು ಖರ್ಚು ಮಾಡುತ್ತದೆ. ಒಂದು ಸಲ ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತದೆ.

4. ಅದೇ ಜಾಗದಲ್ಲಿ ಗೆಣಸು, ಕುಂಬಳ, ಅಲಸಂದೆಯಂಥ ನೆಲ ಮುಚ್ಚುವ ಬೆಳೆ ಹಾಕಿ. ಕೊನ್ನಾರಿಗೆ ನೆರಳು ಕಂಡರಾಗದು. ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್‌ನಂಥ ಎಲೆ ಕಡಿಮೆ ಇರುವುದನ್ನು ಅಲ್ಲಿ ಎರಡು ವರ್ಷ ಹಾಕಬೇಡಿ.

ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಎಲೆ ನೋಡಿ. ಬರಬರುತ್ತಾ ಹೊಸ ಚಿಗುರು ಸಣ್ಣಗಾಗುತ್ತಾ, ತೆಳ್ಳಗಾಗುತ್ತಾ ಹೋದರೆ ಗೆಡ್ಡೆ ಸೊರಗುತ್ತಿದೆ. ಚಿಗುರು ಮೊದಲಿನಷ್ಟೇ ದಪ್ಪ ಬರುತ್ತಿದ್ದರೆ ನಿಮ್ಮ ಸುತ್ತುಗಳ ಮಧ್ಯೆ ಅಂತರ ಜಾಸ್ತಿ ಆಗಿದೆ.

ಟಿಲ್ಲರ್ ಹೊಡೆಸುವುದು, ಪೇಪರ್ ಹಾಸಿ ಅದರ ಮೇಲೆ ಭರವಸೆ ಇಟ್ಟು ಕೂರುವುದು ಎರಡೂ ಬೇಡ. ಟಿಲ್ಲರ್ ಗೆಡ್ಡೆಯನ್ನು ತೋಟದ ತುಂಬ ಹಂಚುತ್ತದೆ. ಕೊನ್ನಾರಿಯ ಮೊಳಕೆ ಸೂಜಿಯಂತಿದ್ದು ಪ್ಲಾಸ್ಟಿಕ್ ಹಾಳೆಯನ್ನೂ ತೂತು ಮಾಡಿಕೊಂಡು ಬರುತ್ತದೆ.

ಹಂತ 5: ಗರಿಕೆಯನ್ನು ಕತ್ತರಿಸಬೇಡಿ, ಬಿಡಿಸಿ ಎಳೆಯಿರಿ

ಗರಿಕೆಯ ಮೇಲೆ ಗುದ್ದಲಿ ಏಟು ಹಾಕಿದರೆ ಬಿದ್ದ ಒಂದೊಂದು ತುಂಡೂ ಒಂದೊಂದು ಗಿಡ. ಗಿಣ್ಣು ಇದ್ದರೆ ಸಾಕು, ಚಿಗುರುತ್ತದೆ. ಮುಳ್ಳಿನ ಗುದ್ದಲಿಯನ್ನು ಬಳ್ಳಿಯ ಕೆಳಗೆ ಹಾಕಿ ಮಣ್ಣನ್ನು ಮೇಲಕ್ಕೆ ಮೀಟಿ ಸಡಿಲ ಮಾಡಿ. ಆಮೇಲೆ ಕೈಯಲ್ಲಿ ಬಳ್ಳಿ ಹಿಡಿದು ಅದು ಹೋದ ದಿಕ್ಕಿನಲ್ಲೇ ಹಿಂಬಾಲಿಸಿ ಎಳೆಯಿರಿ. ಗೇಣಿಗಿಂತ ಉದ್ದ ಬಂದರೆ ಸರಿಯಾಗಿ ಮಾಡುತ್ತಿದ್ದೀರಿ ಅಂತ ಅರ್ಥ.

ಕಿತ್ತ ಬಳ್ಳಿಯನ್ನು ಮಣ್ಣಿನ ಮೇಲೆ ಒಂದು ರಾತ್ರಿಯೂ ಬಿಡಬೇಡಿ. ಸಿಮೆಂಟ್ ನೆಲ ಅಥವಾ ತಾರಸಿ ಮೇಲೆ ಹರಡಿ, ಮುರಿದರೆ ಪಟ್ ಅನ್ನುವವರೆಗೆ ಒಣಗಿಸಿ.

ಗರಿಕೆ ಸಾಮಾನ್ಯವಾಗಿ ಅಂಚಿನಿಂದ, ಹುಲ್ಲುಹಾಸಿನಿಂದ, ಕಾಂಪೌಂಡ್ ಬುಡದಿಂದ ಮಡಿಗೆ ನುಗ್ಗುತ್ತದೆ. ಮಡಿಯ ಸುತ್ತ ಕಲ್ಲುಚಪ್ಪಡಿ ಅಥವಾ ಹಳೆ ಮಂಗಳೂರು ಹೆಂಚನ್ನು ನಿಲ್ಲಿಸಿ ಮುಕ್ಕಾಲು ಅಡಿ ಆಳಕ್ಕೆ ಹೂಳಿ, ಎರಡು ಇಂಚು ಮೇಲೆ ಕಾಣಲಿ. ಅದರ ಮೇಲೆ ಹತ್ತಿ ಬರುವ ಬಳ್ಳಿಯನ್ನು ವಾರಕ್ಕೊಮ್ಮೆ ಕತ್ತರಿಸುವುದು ಐದು ನಿಮಿಷದ ಕೆಲಸ. ಗಣಪತಿಗೆ ಗರಿಕೆ ಬೇಕಲ್ಲಾ, ಅದಕ್ಕೆ ಒಂದು ಕುಂಡದಲ್ಲಿ ಬೇರೆ ಬೆಳೆಸಿಕೊಳ್ಳಿ. ಕುಂಡ ಸಿಮೆಂಟ್ ನೆಲದ ಮೇಲಿರಲಿ.

ಹಂತ 6: ಬಿತ್ತುವ ಮುಂಚೆ ಕಳೆಗೆ ನೀರು ಹಾಕಿ

ಇದನ್ನು ಹೇಳಿದಾಗ ಎಲ್ಲರೂ ಅನುಮಾನದಿಂದ ನೋಡುತ್ತಾರೆ. ಮಾಡಿ ನೋಡಿದವರು ಬಿಡುವುದಿಲ್ಲ.

ಮಡಿ ಪೂರ್ತಿ ತಯಾರು ಮಾಡಿ. ಗೊಬ್ಬರ ಸೇರಿಸಿ, ಮಟ್ಟ ಮಾಡಿ, ಬಿತ್ತುವುದೊಂದು ಬಾಕಿ ಅನ್ನುವ ಹಾಗೆ. ಆದರೆ ಬಿತ್ತಬೇಡಿ. ಹತ್ತರಿಂದ ಹದಿನಾಲ್ಕು ದಿನ ಬರೀ ನೀರು ಚಿಮುಕಿಸಿ. ಮೇಲಿನ ಪದರದ ಕಳೆ ಬೀಜವೆಲ್ಲ ಒಟ್ಟಿಗೆ ಮೊಳೆಯುತ್ತದೆ. ನೀರು ನಿಲ್ಲಿಸಿ, ಮೇಲ್ಮಣ್ಣು ಒಣಗಿದ ಬೆಳಗ್ಗೆ ಕುರ್ಪಿಯಿಂದ ತೆಳ್ಳಗೆ ಕೆರೆಯಿರಿ. ಸಮಯ ಇದ್ದರೆ ಇನ್ನೊಂದು ಸುತ್ತು ಹೀಗೇ ಮಾಡಿ. ಆಮೇಲೆ ಬಿತ್ತಿ. ಕೆರೆದಮೇಲೆ ಮಣ್ಣು ಮಗುಚಬೇಡಿ, ಮಗುಚಿದರೆ ಎರಡು ವಾರದ ಕೆಲಸ ನೀರುಪಾಲು.

ಬಿತ್ತುವಾಗ ಎರಚಬೇಡಿ, ಸಾಲಿನಲ್ಲಿ ಹಾಕಿ. ದಂಟು ಸೊಪ್ಪಿನ ಮೊಳಕೆಯೂ ಮುಳ್ಳು ಕೀರೆಯ ಮೊಳಕೆಯೂ ಮೊದಲ ಹತ್ತು ದಿನ ಒಂದೇ ಥರ ಇರುತ್ತವೆ. ಸಾಲಿನಲ್ಲಿ ಇಲ್ಲದ್ದೆಲ್ಲ ಕಳೆ ಅಂತ ಆಗ ಕಣ್ಣು ಮುಚ್ಚಿ ಕೆರೆಯಬಹುದು. ಕೊತ್ತಂಬರಿ ಮೊಳೆಯಲು ಎಂಟು ಹತ್ತು ದಿನ ಬೇಕು, ಅಷ್ಟರಲ್ಲಿ ಸಾಲು ಮರೆಯುತ್ತದೆ. ಸಾಲಿನ ಎರಡು ತುದಿಗೆ ಕಡ್ಡಿ ನೆಟ್ಟು ಮಧ್ಯೆ ಮಧ್ಯೆ ಮೂಲಂಗಿ ಬೀಜ ಹಾಕಿ. ಅದು ಮೂರು ನಾಲ್ಕು ದಿನಕ್ಕೇ ಎದ್ದು ಸಾಲು ತೋರಿಸುತ್ತದೆ.

ಬೇಸಿಗೆಯಲ್ಲಿ ಮಡಿ ಖಾಲಿ ಇದ್ದರೆ ಇನ್ನೊಂದು ದಾರಿ ಇದೆ. ಮಡಿಗೆ ಚೆನ್ನಾಗಿ ನೀರು ಕುಡಿಸಿ, ಬಣ್ಣವಿಲ್ಲದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿಗೆ ಅಂಟುವ ಹಾಗೆ ಬಿಗಿಯಾಗಿ ಹಾಸಿ, ನಾಲ್ಕೂ ಅಂಚನ್ನು ಮಣ್ಣಿನಲ್ಲಿ ಹೂಳಿ. ನಾಲ್ಕರಿಂದ ಆರು ವಾರ ಬಿಡಿ. ಒಳಗಿನ ಕಾವಿಗೆ ಮೇಲಿನ ಪದರದ ಎಷ್ಟೋ ಬೀಜ ಬೆಂದುಹೋಗುತ್ತದೆ. ನಮ್ಮಲ್ಲಿ ಮಾರ್ಚ್ ಎರಡನೇ ವಾರಕ್ಕೆ ಹಾಸಿದರೆ ಭರಣಿ ಮಳೆಗೆ ಮುಂಚೆ ತೆಗೆಯಬಹುದು. ಕಪ್ಪು ಹಾಳೆಯಲ್ಲಿ ಮಣ್ಣು ಅಷ್ಟು ಕಾಯುವುದಿಲ್ಲ. ಹಾಳೆಯ ಒಳಮೈ ಮೇಲೆ ಬೆಳಗ್ಗೆ ನೀರಿನ ಹನಿ ಕಾಣುತ್ತಿರಬೇಕು. ಕಾಣದಿದ್ದರೆ ಅಂಚಿನಲ್ಲಿ ಎಲ್ಲೋ ಗಾಳಿಯಾಡುತ್ತಿದೆ. ಕೊನ್ನಾರಿ ಮಾತ್ರ ಇದನ್ನು ನೆಚ್ಚಿಕೊಂಡರೆ ಹೋಗುವುದಿಲ್ಲ.

ಹಂತ 7: ಮುಚ್ಚಿಗೆ, ಆದರೆ ತೆಳ್ಳಗೆ ಹಾಕಿದರೆ ದಂಡ

ಗಿಡ ನಾಲ್ಕು ಬೆರಳು ಎತ್ತರ ಬಂದಮೇಲೆ ಸಾಲಿನ ಮಧ್ಯದ ಮಣ್ಣು ಮುಚ್ಚಿ. ಬೆಳಕು ಸಿಗದಿದ್ದರೆ ಸಣ್ಣ ಬೀಜ ಏಳುವುದೇ ಇಲ್ಲ.

ಕೆಳಗೆ ಆರರಿಂದ ಎಂಟು ಪದರ ಪೇಪರ್, ಅಥವಾ ಟೇಪ್, ಪಿನ್ ತೆಗೆದ ಒಂದು ಪದರ ರಟ್ಟು. ಒಂದರ ಮೇಲೊಂದು ಗೇಣುದ್ದ ಹತ್ತಿಕೊಳ್ಳಲಿ, ಸಂದು ಬಿಟ್ಟರೆ ಅಲ್ಲೇ ಕಳೆ ತಲೆ ಎತ್ತುತ್ತದೆ. ಹಾಸಿದ ಕೂಡಲೇ ನೀರಿನಿಂದ ತೋಯಿಸಿ. ಅದರ ಮೇಲೆ ಮೂರು ನಾಲ್ಕು ಇಂಚು ಒಣ ಎಲೆ. ಮಂಡ್ಯ ಕಡೆಯವರಿಗೆ ಕಬ್ಬಿನ ತರಗು, ಭತ್ತದ ಹುಲ್ಲು ಧಾರಾಳ. ಭತ್ತದ ಹುಲ್ಲು ಹಾಕುವವರು ಕಾಳು ಉಳಿದಿದೆಯಾ ಅಂತ ಒದರಿ ನೋಡಿ. ಮೈಸೂರಿನಲ್ಲಿ ರಸ್ತೆ ಬದಿಯ ಹೊಂಗೆ ಮರಗಳು ಎಲೆ ಉದುರಿಸುವ ಕಾಲದಲ್ಲಿ ಗೋಣಿಚೀಲ ಹಿಡಿದು ಹೋದರೆ ಒಂದು ವರ್ಷಕ್ಕೆ ಆಗುವಷ್ಟು ಸಿಗುತ್ತದೆ. ಆ ಎಲೆಗೆ ಬೆಂಕಿ ಹಚ್ಚುವುದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಮೊದಲು ನಾಲ್ಕು ಇಂಚು ಹಾಕಿದ್ದು ಎರಡು ತಿಂಗಳಿಗೆ ಒಂದು ಇಂಚಾಗಿ ಕುಸಿಯುತ್ತದೆ. ಕೈ ತೂರಿಸಿದರೆ ಮಣ್ಣು ತಕ್ಷಣ ಸಿಕ್ಕಿತಾ, ಮತ್ತೆ ಹಾಕುವ ಸಮಯ ಬಂತು.

ಎರಡು ಅಪಾಯ ಇವೆ. ಒಂದು ಗೆದ್ದಲು. ನಮ್ಮ ಕೆಂಪು ಮಣ್ಣಿನಲ್ಲಿ ಒಣ ರಟ್ಟು ಕಂಡರೆ ಗೆದ್ದಲು ಬಿಡುವುದಿಲ್ಲ. ಮುಚ್ಚಿಗೆ ತೇವವಾಗಿರಲಿ, ಮನೆಯ ಗೋಡೆಯಿಂದ ಎರಡು ಮೂರು ಅಡಿ ದೂರ ಇರಲಿ, ಮರದ ಬಾಗಿಲು ಕಿಟಕಿಯ ಹತ್ತಿರ ಬೇಡವೇ ಬೇಡ. ಇನ್ನೊಂದು ಮಳೆಗಾಲದ ದೊಡ್ಡ ಬಸವನಹುಳು. ರಾತ್ರಿ ಎಳೆಯ ಸಸಿ ಮಾಯವಾಗಿ ಬೆಳಗ್ಗೆ ಹೊಳೆಯುವ ಲೋಳೆಯ ಗೆರೆ ಕಂಡರೆ ಮುಚ್ಚಿಗೆಯನ್ನು ಕೆಲವು ದಿನ ಪಕ್ಕಕ್ಕೆ ಸರಿಸಿ. ರಾತ್ರಿ ಟಾರ್ಚ್ ಹಿಡಿದು, ಕೈಗವಸು ಹಾಕಿಕೊಂಡು ಹೆಕ್ಕಿ. ಯಾವ ಕಾಲದಲ್ಲೂ ಗಿಡದ ಕಾಂಡದಿಂದ ಎರಡು ಇಂಚು ಜಾಗ ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ.

ಹಂತ 8: ನೀರು ಗಿಡಕ್ಕೆ ಹಾಕಿ, ನೆಲಕ್ಕಲ್ಲ

ಪೈಪ್ ಹಿಡಿದು ಇಡೀ ತೋಟ ತೋಯಿಸಿದರೆ ದಾರಿಯಲ್ಲಿರುವ ಕಳೆಗೂ ನೀವೇ ನೀರು ಕುಡಿಸಿದಂತೆ. ಗಿಡದ ಬುಡಕ್ಕೆ ಮಾತ್ರ ಹಾಕಿ. ಡ್ರಿಪ್ ಇದ್ದರೆ ಇನ್ನೂ ಒಳ್ಳೆಯದು.

ಮಡಿ ಖಾಲಿಯಾದ ವಾರದೊಳಗೆ ಏನಾದರೂ ಬಿತ್ತಿ. ಬೆಳೆ ಬೇಡದಿದ್ದರೆ ಹುರುಳಿ ಅಥವಾ ಸೆಣಬನ್ನು ಒತ್ತಾಗಿ ಚೆಲ್ಲಿ, ಹೂ ಬಿಡುವ ಹೊತ್ತಿಗೆ ಬುಡಕ್ಕೆ ಕೊಯ್ದು ಅಲ್ಲೇ ಹಾಸಿ. ನೆಲ ಬರಿದಾಗಿ ಕೂರುವುದಿಲ್ಲ. ನೀವು ಹಾಕದಿದ್ದರೆ ಅದೇ ಏನನ್ನಾದರೂ ಹಾಕಿಕೊಳ್ಳುತ್ತದೆ.

ಉಪ್ಪು, ವಿನೆಗರ್, ಕುದಿಯುವ ನೀರು: ಇವುಗಳ ಬಗ್ಗೆ ಎಚ್ಚರ

"ಕೆಮಿಕಲ್ ಅಲ್ಲ ತಾನೇ" ಅಂತ ಉಪ್ಪು ನೀರು ಸುರಿಯುವವರು ಬಹಳ ಜನ. ದಯವಿಟ್ಟು ಮಾಡಬೇಡಿ. ಕಳೆ ಸಾಯುತ್ತದೆ ನಿಜ, ಆದರೆ ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ, ಅಲ್ಲಿ ಬೇರೆ ಏನೂ ಏಳುವುದಿಲ್ಲ. ಮಳೆಗೆ ಪಕ್ಕದ ಮಡಿಗೂ ಹರಿಯುತ್ತದೆ. ನಾಲೆ ಬಯಲಿನಲ್ಲಿ ಚೌಳು ಹಿಡಿದ ಗದ್ದೆ ನೋಡಿದವರಿಗೆ ಮಣ್ಣಿಗೆ ಉಪ್ಪು ಸೇರಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಅಡುಗೆಮನೆಯ ವಿನೆಗರ್ ಎಳೆಯ ಕಳೆಯ ಎಲೆ ಸುಡುತ್ತದೆ, ಬೇರಿಗೆ ಏನೂ ಆಗುವುದಿಲ್ಲ. ಮೂರು ದಿನ ಸತ್ತ ಹಾಗೆ ಕಂಡು ಎರಡು ವಾರಕ್ಕೆ ಮತ್ತೆ ಚಿಗುರುತ್ತದೆ. ಪಕ್ಕದ ಟೊಮೆಟೊ ಮೇಲೆ ಹನಿ ಬಿದ್ದರೆ ಅದೂ ಸುಡುತ್ತದೆ. ಕುದಿಯುವ ನೀರು ಅಂಗಳದ ಕಲ್ಲಿನ ಸಂದಿಗೆ ಮಾತ್ರ ಚೆನ್ನ. ಮಡಿಯಲ್ಲಿ ಎರೆಹುಳ ಸಾಯುತ್ತದೆ. ಸುರಿಯುವಾಗ ಮಕ್ಕಳು ಹತ್ತಿರ ಇರಬಾರದು, ಕಾಲಿಗೆ ಚಪ್ಪಲಿ ಸಾಲದು, ಬೂಟು ಇರಲಿ.

ಹಂತ 9: ಕಿತ್ತದ್ದನ್ನು ಎಲ್ಲಿ ಹಾಕುತ್ತೀರಿ?

ಹೂ ಬಿಡದ, ಬೀಜದಿಂದ ಬಂದ ಕಳೆಯನ್ನು ಧೈರ್ಯವಾಗಿ ಗೊಬ್ಬರದ ಗುಂಡಿಗೆ ಹಾಕಿ. ಹೂ, ಬೀಜ ಇರುವುದು, ಗರಿಕೆ ಬಳ್ಳಿ, ಕೊನ್ನಾರಿ ಗೆಡ್ಡೆ ಹೋಗಬಾರದು. ಗೊಬ್ಬರದ ಗುಡ್ಡೆ 55ರಿಂದ 60 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹಲವು ದಿನ ಇದ್ದು, ಮಧ್ಯೆ ಮಗುಚಿದರೆ ಬೀಜ ಸಾಯುತ್ತದೆ. ಮನೆಯ ಸಣ್ಣ ಗುಂಡಿಗಳು ಅಷ್ಟು ಕಾಯುವುದು ಅಪರೂಪ.

ಗರಿಕೆ, ಕೊನ್ನಾರಿಯನ್ನು ಹಳೆ ಡ್ರಮ್ಮಿನಲ್ಲಿ ತುಂಬಿ, ಮುಳುಗುವಷ್ಟು ನೀರು ಹಾಕಿ, ಮೇಲೆ ಕಲ್ಲು ಹೇರಿ ಒಂದು ತಿಂಗಳು ಬಿಡಿ. ನೀರು ನಾರುತ್ತದೆ. ಹತ್ತು ಪಾಲು ನೀರಿಗೆ ಒಂದು ಪಾಲು ಬೆರೆಸಿ ಗಿಡದ ಬುಡಕ್ಕೆ ಕೊಡಬಹುದು. ಡ್ರಮ್ಮಿನ ಬಾಯಿ ದಪ್ಪ ಬಟ್ಟೆಯಿಂದ ಬಿಗಿಯಾಗಿ ಕಟ್ಟಿರಲೇಬೇಕು, ಡೆಂಗಿ ಸೊಳ್ಳೆಗೆ ಜಾಗ ಮಾಡಿಕೊಡಬಾರದು. ತಿಂಗಳಾದ ಮೇಲೆ ಗೆಡ್ಡೆಯೊಂದನ್ನು ಹಿಸುಕಿ ನೋಡಿ. ಮೆತ್ತಗೆ ಕೊಳೆತಿದ್ದರೆ ಗುಂಡಿಗೆ ಹಾಕಿ. ಇನ್ನೂ ಗಟ್ಟಿ ಇದ್ದರೆ ಮತ್ತೆ ಮುಳುಗಿಸಿ.

ಹಂತ 10: ಹೊರಗಿಂದ ಬರುವುದನ್ನು ಬಾಗಿಲಲ್ಲೇ ತಡೆಯಿರಿ

ನನ್ನ ತೋಟಕ್ಕೆ ಕೊನ್ನಾರಿ ಬಂದದ್ದು ಒಂದು ಟ್ರಾಕ್ಟರ್ ಲೋಡ್ ಕೆಂಪು ಮಣ್ಣಿನ ಜೊತೆ. ಮಣ್ಣು ನೋಡಲು ಚೆನ್ನಾಗಿತ್ತು, ಅಗ್ಗಕ್ಕೂ ಸಿಕ್ಕಿತು. ಒಂದು ಹಿಡಿ ಪರೀಕ್ಷೆ ಮಾಡದೆ ಇಡೀ ಹಿತ್ತಲಿಗೆ ಹರಡಿಸಿದೆ. ಮೂರು ವರ್ಷದ ಕಷ್ಟ ಅಲ್ಲಿಂದ ಶುರುವಾಯಿತು.

ಹಾಗಾಗಿ ಮಣ್ಣು, ತಿಪ್ಪೆ ಗೊಬ್ಬರ ಏನೇ ತರಿಸುವ ಮುಂಚೆ ಒಂದು ಚೀಲ ಮಾದರಿ ತನ್ನಿ. ಬೇರೆ ಬೇರೆ ಕಡೆಯಿಂದ ತೆಗೆದ ಮಣ್ಣನ್ನು ಹಳೆ ಟ್ರೇನಲ್ಲಿ ಮೂರು ಇಂಚು ಹರಡಿ, ತೇವ ಇಟ್ಟು, ಬಿಸಿಲು ಬೀಳುವಲ್ಲಿ ಎರಡು ವಾರ ಇಡಿ. ಏನು ಮೊಳೆಯುತ್ತದೆ ನೋಡಿ. ಸಣ್ಣಪುಟ್ಟ ಸೊಪ್ಪು ಬಂದರೆ ಪರವಾಗಿಲ್ಲ. ಸೂಜಿಯಂಥ ಒಂದು ಕೊನ್ನಾರಿ ಮೊಳಕೆ ಕಂಡರೂ ಆ ಲೋಡ್ ಬೇಡ. ಗೊಬ್ಬರದಲ್ಲಿ ಹುಲ್ಲಿನ ಎಳೆ ಇನ್ನೂ ಗುರುತು ಸಿಗುವ ಹಾಗಿದ್ದರೆ, ಸಗಣಿ ವಾಸನೆ ಬರುತ್ತಿದ್ದರೆ, ಅದು ಕಳಿತಿಲ್ಲ, ಬೀಜ ಬದುಕಿರುತ್ತದೆ. ನರ್ಸರಿಯಿಂದ ತಂದ ಸಸಿಯ ಕವರಿನಲ್ಲಿ ಬುಡದ ಪಕ್ಕ ಏನೋ ಹುಲ್ಲಿದೆ ಅಂತ ಕಂಡರೆ ಮೇಲಿನ ಎರಡು ಇಂಚು ಮಣ್ಣು ತೆಗೆದು ಹೊಸ ಮಣ್ಣು ಹಾಕಿ, ಆಮೇಲೆ ನೆಡಿ.

ಕೊನೆಯದು ಪಕ್ಕದ ಖಾಲಿ ಸೈಟು. ಬಡಾವಣೆಗಳಲ್ಲಿ ಪಾರ್ಥೇನಿಯಂ ಬರುವುದು ಹೆಚ್ಚಾಗಿ ಅಲ್ಲಿಂದಲೇ. ಮಾಲೀಕರಿಗೆ ಫೋನ್ ಮಾಡಿ, "ಸಾರ್, ಹೂ ಬಿಡೋ ಮುಂಚೆ ಒಂದ್ಸಲ ಕೊಯ್ಸಿಬಿಡ್ತೀವಿ, ಪರವಾಗಿಲ್ವಾ?" ಅಂತ ಕೇಳಿ. ನನಗೆ ಇದುವರೆಗೆ ಯಾರೂ ಬೇಡ ಅಂದಿಲ್ಲ, ಒಬ್ಬರು ಕೂಲಿಯ ಅರ್ಧ ಹಣವನ್ನೂ ಕೊಟ್ಟರು. ವರ್ಷಕ್ಕೆ ಎರಡು ಸಲ ಸಾಕು. ಮೇ ಕೊನೆಯ ರೋಹಿಣಿ ಮಳೆ ಬಂದ ಮೂರು ವಾರಕ್ಕೆ ಒಂದು, ಹಸ್ತ ಚಿತ್ತೆ ಮಳೆಯ ನಡುವೆ, ಅಂದರೆ ಅಕ್ಟೋಬರ್‌ನಲ್ಲಿ, ಇನ್ನೊಂದು. ನಿಮ್ಮ ಕಾಂಪೌಂಡ್ ಗೋಡೆಯ ಆಚೆ ಕಡೆ ಮೂರು ಅಡಿ ಅಗಲವನ್ನು ಮಾತ್ರ ಹದಿನೈದು ದಿನಕ್ಕೊಮ್ಮೆ ನೀವೇ ನೋಡಿಕೊಳ್ಳಿ. ಗೇಟು ತೆಗೆದು ಹೊರಗೆ ಹೋಗುವಾಗ ಕುಡ್ಲು ಕೈಯಲ್ಲಿರಲಿ.